ಒಕ್ಕದ ಹಾಕಿ ತಂಡ ನಡೆಸಲು ಮಿಲಿಟರಿಯ ಯಾವ ಪಾಠ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ?

ಬಾಣೆಮನೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಈ ಸಲದ ಕೊಡಗಿನ ಕೌಟುಂಬಿಕ ಹಾಕಿಗೆ (ಕೊಡವ ಮನೆತನಗಳ ನಡುವಿನ ಟೂರ್ನಿ) ನಮ್ಮ ಒಕ್ಕದ, ಅಂದರೆ ಮನೆತನದ, ತಂಡದ ಕ್ಯಾಪ್ಟನ್ ಜವಾಬ್ದಾರಿ ನನಗೆ ಬಂದಿದೆ. ಪಟ್ಟಿಯಲ್ಲಿ 17 ಜನ. ಕಿರಿಯಳಿಗೆ 15 ವರ್ಷ, ಹಿರಿಯರಿಗೆ 54. ಮೂವರು ಮಿಲಿಟರಿಯಿಂದ ನಿವೃತ್ತರಾದವರು, ನಾಲ್ವರು ಬೆಂಗಳೂರಲ್ಲಿ ಕೆಲಸದಲ್ಲಿರುವವರು, ಉಳಿದವರು ತೋಟ ಮತ್ತು ಕಾಲೇಜು. ಕಾಫಿ ಕೊಯ್ಲು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ಸಂಜೆ. ನಾಕೌಟ್ ಆದ್ದರಿಂದ ಒಂದು ಪಂದ್ಯ ಸೋತರೆ ವರ್ಷದ ಆಟ ಅಲ್ಲಿಗೇ ಮುಗಿಯಿತು.

ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಎರಡು ಅಭಿಪ್ರಾಯ ಇದೆ. ಹಿರಿಯರು "ಮಿಲಿಟರಿ ಶಿಸ್ತು ತಂದರೆ ಸಾಕು, ಗೆಲ್ಲುತ್ತೇವೆ" ಎನ್ನುತ್ತಾರೆ. ಹುಡುಗರು "ರಜೆಗೆ ಬಂದು ಬೈಸಿಕೊಳ್ಳಬೇಕಾ?" ಎನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ಪಂದ್ಯಕ್ಕೆ ಮೊದಲು ಏನು ಹೇಳಬೇಕು, ಎಷ್ಟು ಹೇಳಬೇಕು? ವಯಸ್ಸಲ್ಲಿ ದೊಡ್ಡವರಿಗೆ ಮೈದಾನದಲ್ಲಿ ಹೇಗೆ ಹೇಳುವುದು? ತಪ್ಪು ಮಾಡಿದವರನ್ನು ಏನು ಮಾಡುವುದು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ರೈಟ್‌ಹಾಫ್ ಉತ್ತರ

ಮೊದಲ ಪ್ರಶ್ನೆಗೆ ಮಿಲಿಟರಿಯಲ್ಲಿ ಸಿದ್ಧ ಉತ್ತರ ಇದೆ, ಅದನ್ನು ಹಾಗೆಯೇ ಎತ್ತಿಕೊಳ್ಳಬಹುದು. ಪದಾತಿದಳದಲ್ಲಿ ಸೆಕ್ಷನ್ ಅಂದರೆ ಸುಮಾರು ಹತ್ತು ಜನ, ಹೆಚ್ಚುಕಡಿಮೆ ನಿಮ್ಮ ಹನ್ನೊಂದರಷ್ಟೇ. ಆ ಸೆಕ್ಷನ್ ಕಮಾಂಡರ್ ಬಾಯಿಮಾತಲ್ಲಿ ಆದೇಶ ಕೊಡುವುದಕ್ಕೆ ಒಂದು ಕ್ರಮ ಇದೆ: ನೆಲ ಹೇಗಿದೆ, ಪರಿಸ್ಥಿತಿ ಏನು, ನಮ್ಮ ಕೆಲಸ ಯಾವುದು, ಅದನ್ನು ಹೇಗೆ ಮಾಡುತ್ತೇವೆ, ನೀರು-ಊಟ-ಗಾಯದ ವ್ಯವಸ್ಥೆ, ಕಡೆಗೆ ಕಮಾಂಡ್ ಮತ್ತು ಸಿಗ್ನಲ್. 'ಕೆಲಸ' ಎಂಬ ಭಾಗವನ್ನು ಎರಡು ಸಲ ಹೇಳುತ್ತಾರೆ. ಉಳಿದದ್ದು ಮರೆತರೂ ಅದೊಂದು ತಲೆಯಲ್ಲಿ ನಿಲ್ಲಲಿ ಅಂತ.

ಹಾಕಿಗೆ ಇಳಿಸಿದರೆ ಹೀಗಿರುತ್ತದೆ (ಹಾಫ್ ಅಂದರೆ ನಡುಸಾಲಿನ ಆಟಗಾರ):

"ರಸ್ತೆ ಕಡೆಯ ಮೂಲೆ ಇಳಿಜಾರು, ಅಲ್ಲಿ ಜೋರು ಹೊಡೆದರೆ ಚೆಂಡು ಹೊರಗೇ ಹೋಗುತ್ತದೆ. ಅವರ 9ನೇ ನಂಬರ್ ಬಲಗಡೆಯಿಂದಲೇ ನುಗ್ಗುವವನು. ನಮ್ಮ ಕೆಲಸ: ಮೊದಲ ಅರ್ಧದಲ್ಲಿ ಗೋಲು ಬಿಡಬಾರದು. ಮತ್ತೆ ಹೇಳುತ್ತೇನೆ, ಮೊದಲ ಅರ್ಧದಲ್ಲಿ ಗೋಲು ಬಿಡಬಾರದು. ಯಾಕೆಂದರೆ ಅವರಿಗೆ ಬದಲಿ ಆಟಗಾರರು ಇಬ್ಬರೇ, ಕೊನೆಗೆ ಸುಸ್ತಾಗುತ್ತಾರೆ, ಆಗ ನಾವು ನುಗ್ಗೋಣ. ಲೆಫ್ಟ್ ಹಾಫ್ 9ನೇ ನಂಬರನ್ನು ಬಿಡುವ ಹಾಗಿಲ್ಲ. ಲೆಫ್ಟ್ ಹಾಫ್ ಮುಂದೆ ಹೋದರೆ ಸೆಂಟರ್ ಹಾಫ್ ಹಿಂದಕ್ಕೆ. ನೀರು ಎಡಗಡೆ ಟೆಂಟಲ್ಲಿ. ನಾನು ಹೊರಗೆ ಬಂದರೆ ಸೆಂಟರ್ ಹಾಫ್ ಕ್ಯಾಪ್ಟನ್."

ಇಷ್ಟು ಹೇಳಲು ಒಂದು ನಿಮಿಷ ಸಾಕು. ಇದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು 'ಯಾಕೆಂದರೆ'. ಮೂರನೇ ನಿಮಿಷಕ್ಕೇ ಅವರು ಗೋಲು ಹೊಡೆದರು ಅಂತ ಇಟ್ಟುಕೊಳ್ಳಿ, ನೀವು ಹೇಳಿದ 'ಕೆಲಸ' ಕೆಟ್ಟಿತು. ಕಾರಣ ಗೊತ್ತಿಲ್ಲದ ತಂಡ ಆಗ ಗಾಬರಿಯಲ್ಲಿ ಒಟ್ಟಿಗೆ ಮುಂದಕ್ಕೆ ಓಡುತ್ತದೆ, ಎರಡನೇ ಗೋಲೂ ಬೀಳುತ್ತದೆ. ಕಾರಣ ಗೊತ್ತಿದ್ದ ತಂಡ ಕಾಯುತ್ತದೆ, ಏಕೆಂದರೆ ಅವರು ಸುಸ್ತಾಗುವುದು ಇನ್ನೂ ಬಾಕಿ ಇದೆ. ಕ್ಯಾಪ್ಟನ್ ಐವತ್ತು ಗಜ ಆಚೆ ಇದ್ದಾಗ ಆಟಗಾರ ತಾನೇ ಸರಿಯಾಗಿ ತೀರ್ಮಾನ ಮಾಡಬೇಕಾದರೆ ಆದೇಶದ ಜೊತೆ ಉದ್ದೇಶವೂ ಅವನ ಕೈಲಿರಬೇಕು.

ಇನ್ನೊಂದು. ಆದೇಶ ಮುಗಿದ ಮೇಲೆ ಮಿಲಿಟರಿಯಲ್ಲಿ "ಕೋಯಿ ಶಕ್?" ಅಂತ ಕೇಳುತ್ತಾರೆ. ಯಾರೂ ಸಂಶಯ ಇದೆ ಎನ್ನುವುದಿಲ್ಲ, ನಮ್ಮ ಮನೆಗಳಲ್ಲಂತೂ ದೊಡ್ಡವರ ಮುಂದೆ ಎನ್ನುವುದೇ ಇಲ್ಲ. ಆದ್ದರಿಂದ ಅಲ್ಲಿಗೆ ನಿಲ್ಲಿಸದೆ ನೀವೇ ಉಲ್ಟಾ ಪ್ರಶ್ನೆ ಹಾಕಬೇಕು. "ಲೆಫ್ಟ್ ಹಾಫ್ ಮುಂದೆ ಹೋದ, ಹಿಂದೆ ಯಾರು?" "ನಾನು ಹೊರಗೆ, ಕ್ಯಾಪ್ಟನ್ ಯಾರು?" ಎಂದು ಹೆಸರು ಹಿಡಿದು ಮೂವರನ್ನು ಕೇಳಿ, ಅದರಲ್ಲೂ ಹಿಂದೆ ನಿಂತು ತಲೆಯಾಡಿಸಿದವರನ್ನು. ತಪ್ಪು ಉತ್ತರ ಬಂದರೆ ಹೇಳಿದ್ದು ಸ್ಪಷ್ಟವಾಗಿರಲಿಲ್ಲ ಎಂದೇ ಅರ್ಥ. ಕೇಳಿದವರ ಮೇಲೆ ಸಿಡುಕಬೇಡಿ, ಬೇರೆ ಮಾತಲ್ಲಿ ಮತ್ತೆ ಹೇಳಿ.

ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಪಂದ್ಯಕ್ಕೆ ಐದು ನಿಮಿಷ ಇದ್ದಾಗ ಹಿರಿಯರು ನಾಲ್ವರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ, ನಾಲ್ಕು ಬೇರೆ ಬೇರೆ ಉಪದೇಶ. ಹಿರಿಯರ ಸಲಹೆ ಹಿಂದಿನ ಸಂಜೆ ಐನ್‌ಮನೆಯಲ್ಲಿ ಕೂತು ಕೇಳಿ, ಪೂರ್ತಿ ಕೇಳಿ. ಮೈದಾನದ ಅಂಚಲ್ಲಿ ಒಬ್ಬರದೇ ಬಾಯಿ.

ಪಲ್ಟನ್ ಉತ್ತರ

ತಮ್ಮ, "ಮಿಲಿಟರಿ ಶಿಸ್ತು" ಅಂದಾಗ ಹೊರಗಿನವರಿಗೆ ಕಾಣುವುದು ಕೂಗಾಟ ಮತ್ತು ರಗಡಾ (ಶಿಕ್ಷೆಯಾಗಿ ಮಾಡಿಸುವ ಕಸರತ್ತು) ಮಾತ್ರ. ಒಳಗೆ ನಡೆಯುವುದು ಬೇರೆ, ಅದನ್ನು ಬಿಡಿಸಿ ಹೇಳಬೇಕು.

ಮೊದಲು ಒಗ್ಗದಿರುವುದು. ಸೇನೆಯಲ್ಲಿ ಹವಾಲ್ದಾರನ ಮಾತಿನ ಹಿಂದೆ 1950ರ ಆರ್ಮಿ ಆಕ್ಟ್ ಇದೆ, ಆದೇಶ ಮೀರುವುದು ಅಪರಾಧ. ನಿನ್ನ ತಂಡದಲ್ಲಿ ಹಾಗಲ್ಲ, ಬೇಸರವಾದವನು ಬೈಕ್ ಹತ್ತಿ ಮನೆಗೆ ಹೋಗಬಹುದು, ತಡೆಯುವ ಅಧಿಕಾರ ನಿನಗಿಲ್ಲ. ಹಾಗಾಗಿ ಶಿಕ್ಷೆಯ ಮೇಲೆ ನಿಂತ ಯಾವ ಪದ್ಧತಿಯೂ ನಿನಗೆ ಬೇಡ. ಚೆಂಡು ಬಿಟ್ಟದ್ದಕ್ಕೆ ಮೈದಾನ ಸುತ್ತಿಸುವುದು, ತಡವಾಗಿ ಬಂದದ್ದಕ್ಕೆ ಫ್ರಂಟ್‌ರೋಲ್ ಹೊಡೆಸುವುದು, ಎಲ್ಲ ಬಿಟ್ಟುಬಿಡು. ವರ್ಷವಿಡೀ ಕುರ್ಚಿ ಮೇಲೆ ಕೂತವರನ್ನು ಏಪ್ರಿಲ್ ಬಿಸಿಲಲ್ಲಿ ಹಾಗೆ ಓಡಿಸಿದರೆ ತೊಡೆಯ ಹಿಂಬದಿಯ ಸ್ನಾಯು ಹಿಡಿಯುತ್ತದೆ, ನಾಲ್ಕು ಸಂಜೆಯಲ್ಲಿ ಮೂರು ಹಾಳು.

ಒಗ್ಗುವುದು ಮೂರು. ಒಂದು, ತನ್ನ ಸರದಿ ಕೊನೆಗೆ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಚೆಟ್‌ವುಡ್ ಹಾಲಿನಲ್ಲಿ ಕೆತ್ತಿರುವ ಮಾತಿನ ತಿರುಳು ಇದೇ: ದೇಶದ ಸುರಕ್ಷತೆ ಮತ್ತು ಗೌರವ ಮೊದಲು, ನಿನ್ನ ಕೈಕೆಳಗಿನವರ ಕ್ಷೇಮ ಆಮೇಲೆ, ನಿನ್ನ ಸುಖ ಯಾವಾಗಲೂ ಕೊನೆಗೆ. ಮೈದಾನದಲ್ಲಿ ಇದಕ್ಕೆ ದೊಡ್ಡ ತ್ಯಾಗ ಏನೂ ಬೇಕಾಗಿಲ್ಲ. ನೀರಿನ ಬಾಟಲಿ ಮೊದಲು ಗೋಲ್‌ಕೀಪರ್‌ಗೆ ಹೋಗಲಿ, ಅಷ್ಟು ಪ್ಯಾಡ್ ಕಟ್ಟಿಕೊಂಡು ಬೇಯುತ್ತಿರುವವರು ಅವರೇ. ನೀನು ಕೊನೆಗೆ ಕುಡಿ. ಊಟಕ್ಕೆ ಹದಿನೇಳು ಜನರೂ ಬಂದರೇ ಎಂದು ಎಣಿಸಿ ಆಮೇಲೆ ನೀನು ತಟ್ಟೆ ಹಿಡಿ. ಇದನ್ನು ಎಲ್ಲರೂ ಗಮನಿಸುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರನೇ ದಿನ ನಿನ್ನ ಮಾತಿಗೆ ಬರುವ ತೂಕ ಅಲ್ಲಿಂದ ಬಂದದ್ದು.

ಎರಡು, ನಿನ್ನ ನಂತರ ಯಾರು ಎನ್ನುವುದು ಎಲ್ಲರಿಗೂ ಗೊತ್ತಿರಬೇಕು. ಸೆಕ್ಷನ್ನಿಗೆ ಕಮಾಂಡರ್ ನಂತರದ ಎರಡನೇ ನಾಯಕ, ಅಂದರೆ ಟು‌ಐಸಿ ಇದ್ದೇ ಇರುತ್ತಾನೆ. ನಿನಗೆ ಗ್ರೀನ್ ಕಾರ್ಡ್ ಸಿಕ್ಕಿ ಎರಡು ನಿಮಿಷ ಹೊರಗೆ ಕೂತಾಗ ತಂಡ ತಲೆ ಇಲ್ಲದೆ ಆಡಬಾರದು.

ಮೂರು, ತಯಾರಿ. ನಮ್ಮ ಜಿಲ್ಲೆಯ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದಾಗ ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಈ ಕಥೆ ಎಲ್ಲರೂ ಹೇಳುತ್ತಾರೆ. ಅದಕ್ಕೆ ಮುಂಚಿನ ಭಾಗವನ್ನು ಹೇಳುವವರು ಕಡಿಮೆ: ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಿದ್ದು, ಹೇಸರಗತ್ತೆ ಹೋಗುವಂಥ ದಾರಿಯನ್ನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆಂದು ಎದುರಾಳಿ ಎಣಿಸಿರಲೇ ಇಲ್ಲ. ಮುಂದೆ ನಿಲ್ಲುವುದಕ್ಕೆ ಬೆಲೆ ಬಂದದ್ದು ಹಿಂದೆ ಆ ಕೆಲಸ ಮುಗಿದಿದ್ದರಿಂದ. ಕ್ಯಾಪ್ಟನ್ ಅಂದರೆ ಮುಂದೆ ಓಡುವವನು ಮಾತ್ರ ಅಂತ ತಿಳಿದವರು, ಪಂದ್ಯದ ದಿನ ಗೋಲ್‌ಕೀಪರ್‌ನ ಪ್ಯಾಡಿನ ಪಟ್ಟಿ ಹರಿದಿರುವುದನ್ನು ಮೈದಾನದಲ್ಲೇ ನೋಡುತ್ತಾರೆ. ಹಿಂದಿನ ರಾತ್ರಿ ಕಿಟ್ ಬಿಚ್ಚಿ ನೋಡು: ಹೆಲ್ಮೆಟ್, ಎದೆಗಾಪು, ಲೆಗ್‌ಗಾರ್ಡ್, ಕಿಕ್ಕರ್, ಎರಡೂ ಕೈಯ ಗ್ಲೌಸ್, ಗಾರ್ಡ್, ಜೊತೆಗೆ ಕಟ್ಟಲು ಎರಡು ಗಟ್ಟಿ ದಾರ.

ಬಾಣೆಮನೆ

ತುಂಬಾ ಥ್ಯಾಂಕ್ಸ್ ಅಣ್ಣ, ರೈಟ್‌ಹಾಫ್ ಅವರಿಗೂ. ಒಂದು ಕಡೆ ಇನ್ನೂ ಸಿಕ್ಕಿಕೊಂಡಿದ್ದೇನೆ. 54ರ ದೊಡ್ಡಪ್ಪ ಫುಲ್‌ಬ್ಯಾಕ್ ಆಡುತ್ತಾರೆ, ಒಕ್ಕದಲ್ಲಿ ಅವರ ಮಾತಿಗೆ ತುಂಬಾ ಗೌರವ. ಸುಸ್ತಾದರೂ ಹೊರಗೆ ಬರುವುದಿಲ್ಲ. "ಬನ್ನಿ" ಅಂತ ಹೇಗೆ ಕೂಗುವುದು?

ಟೇಬಲ್‌ಡ್ಯೂಟಿ ಉತ್ತರ

ಮೈದಾನದಲ್ಲಿ ಕೂಗಿ ಕರೆಯುವ ಪರಿಸ್ಥಿತಿಯೇ ಬರಬಾರದು. ಹಾಕಿಯಲ್ಲಿ ಬದಲಿಗೆ ಲೆಕ್ಕವಿಲ್ಲ, ಹೊರಗೆ ಹೋದವರು ಮತ್ತೆ ಬರಬಹುದು. ಅದನ್ನು ಕ್ಯಾಪ್ಟನ್‌ಗಳು ಪೂರ್ತಿ ಬಳಸುವುದಿಲ್ಲ. ಕಾವಲಿಗೆ ನಿಂತ ಸೆಂಟ್ರಿಯನ್ನು ಎರಡು ಗಂಟೆಗೆ ಬದಲಿಸುತ್ತಾರಲ್ಲ, ಅವನು ಸರಿಯಿಲ್ಲವೆಂದು ಯಾರೂ ಅಂದುಕೊಳ್ಳುವುದಿಲ್ಲ. ಹೊತ್ತಾಯಿತು, ಬದಲಿ ಬಂದ, ಅಷ್ಟೇ. ಅದೇ ರೀತಿ ಹೊತ್ತು ಕಟ್ಟಿಬಿಡಿ.

ಅಂತರರಾಷ್ಟ್ರೀಯ ನಿಯಮದಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ನಿಮ್ಮ ಟೂರ್ನಿಯ ಅವಧಿ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಭಾಗ ಮಾಡಿ. ಒಂದು ರಟ್ಟಿನ ಮೇಲೆ ದಪ್ಪ ಪೆನ್ನಲ್ಲಿ ಬರೆಯಿರಿ: ಯಾವ ನಿಮಿಷಕ್ಕೆ ಯಾವ ನಂಬರ್ ಹೊರಗೆ, ಯಾವ ನಂಬರ್ ಒಳಗೆ. ದೊಡ್ಡಪ್ಪನವರ ಹೆಸರಿನ ಜೊತೆಗೆ ನಿಮ್ಮ ಹೆಸರನ್ನೂ ಅದರಲ್ಲಿ ಹಾಕಿ, ಮೊದಲು ಹೊರಗೆ ಬರುವವರು ನೀವೇ ಆಗಿರಿ. ಆ ಪಟ್ಟಿಯನ್ನು ಹಿಂದಿನ ದಿನವೇ ಅವರಿಗೆ ತೋರಿಸಿ "ದೊಡ್ಡಪ್ಪ, ಕೊನೆಯ ಎಂಟು ನಿಮಿಷ ಹಿಂದೆ ನೀವಿರಲೇಬೇಕು, ಅದಕ್ಕೆ ನಡುವೆ ಇಷ್ಟು ಹೊತ್ತು ಕೂರಿಸುತ್ತೇನೆ" ಅಂತ ಹೇಳಿ. ಅದು ಪುಸಲಾಯಿಸುವ ಮಾತಲ್ಲ, ಕೊನೆಯಲ್ಲಿ ಹಿಂದೆ ಅನುಭವಿಗಳು ಬೇಕೇ ಬೇಕು. ರಟ್ಟು ಹಿಡಿದು ನಿಲ್ಲುವ ಕೆಲಸವನ್ನು ನಿವೃತ್ತ ಹಿರಿಯರೊಬ್ಬರಿಗೆ ಕೊಡಿ. ಅವರ ಗಡಿಯಾರಕ್ಕೆ ಯಾರೂ ಎದುರಾಡುವುದಿಲ್ಲ.

ಇಲ್ಲಿ ಕ್ಯಾಪ್ಟನ್‌ಗಳು ಓದದೇ ಬಿಡುವ ನಿಯಮ ಒಂದಿದೆ. ತಂಡದ ಎಲ್ಲರ ನಡವಳಿಕೆಗೂ, ಬದಲಿ ಸರಿಯಾಗಿ ಆಗುವುದಕ್ಕೂ ಹೊಣೆ ಕ್ಯಾಪ್ಟನ್‌ದೇ. ಹೊರಗೆ ಬರುವವರು ಗೆರೆ ದಾಟುವ ಮೊದಲೇ ಒಳಗಿನವರು ಓಡಿಹೋಗಿ ಹನ್ನೆರಡು ಜನ ಆದರೆ, ಕಾರ್ಡ್ ನಿಮ್ಮ ಮುಖದ ಮುಂದೆ ಬರುತ್ತದೆ. ಬದಲಿ ಸೆಂಟರ್ ಲೈನಿನ ಹತ್ತಿರ, ಮೂರು ಮೀಟರ್ ಒಳಗೆ. ಕೈಗೆ ಕೈ ತಟ್ಟಿದ ಮೇಲೆಯೇ ಒಳಗೆ ಕಾಲಿಡಲಿ, ಸಂಜೆಯ ಅಭ್ಯಾಸದಲ್ಲೂ ಹಾಗೇ ಮಾಡಿಸಿ. ಪೆನಾಲ್ಟಿ ಕಾರ್ನರ್ (ಒಂದು ತಂಡದ ತಪ್ಪಿಗೆ ಎದುರಾಳಿಗೆ ಸಿಗುವ, ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ಅವಕಾಶ) ಕೊಟ್ಟ ಮೇಲೆ ಅದು ಮುಗಿಯುವವರೆಗೆ ಬದಲಿ ಇಲ್ಲ, ರಕ್ಷಿಸುವ ತಂಡದ, ಗಾಯಗೊಂಡ ಅಥವಾ ಕಾರ್ಡ್ ಸಿಕ್ಕಿ ಹೊರಗೆ ಹೋದ ಗೋಲ್‌ಕೀಪರ್ ಒಬ್ಬರನ್ನು ಬಿಟ್ಟು.

ಬಿಸಿಲಿನ ಬಗ್ಗೆಯೂ ಗಮನ ಇರಲಿ. ಮಾತು ತೊದಲುವುದು, ದಾರಿ ತಪ್ಪಿದವರಂತೆ ಓಡುವುದು ಕಂಡರೆ ಪಟ್ಟಿಯ ಹೊತ್ತಿಗೆ ಕಾಯಬೇಡಿ. ಕೂಡಲೇ ಹೊರಗೆ, ನೆರಳಿಗೆ, ಕತ್ತು ಮತ್ತು ಕಂಕುಳಿಗೆ ಒದ್ದೆ ಬಟ್ಟೆ, ಡಾಕ್ಟರಿಗೆ ತಿಳಿಸಿ.

ಲೆಫ್ಟ್‌ವಿಂಗ್ ಅಕ್ಕ ಉತ್ತರ

15 ವರ್ಷದ ಹುಡುಗಿಯ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ಹಬ್ಬದಲ್ಲಿ ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು ಇಬ್ಬರೂ ಆಡಬಹುದು, ಅದೇ ಅದರ ಸೊಬಗು. ಆದರೆ ಹೆಚ್ಚಿನ ತಂಡಗಳು ಚಿಕ್ಕವಳನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಮರೆತುಬಿಡುತ್ತವೆ. ಚೆಂಡು ಕೊಡುವುದಿಲ್ಲ. ಎದುರಾಳಿ ಎರಡೇ ನಿಮಿಷದಲ್ಲಿ ಇದನ್ನು ಗುರುತಿಸಿ ಆ ಕಡೆಯಿಂದಲೇ ಬರುತ್ತಾರೆ. ನೀವು ಹನ್ನೊಂದು ಜನ ಅಲ್ಲ, ಹತ್ತು ಜನ ಆಡುತ್ತಿದ್ದೀರಿ.

ಸೆಕ್ಷನ್ನಿನಲ್ಲಿ ಪ್ರತಿಯೊಬ್ಬನಿಗೂ ಅವನ ಗುಂಡಿನ ವ್ಯಾಪ್ತಿ ಹೇಳಿರುತ್ತಾರೆ: ಎಡಗಡೆ ಆ ಮರದವರೆಗೆ, ಬಲಗಡೆ ಆ ಬಂಡೆಯವರೆಗೆ. ಪಕ್ಕದವನ ವ್ಯಾಪ್ತಿ ಸ್ವಲ್ಪ ಇದರ ಮೇಲೆ ಹಾದುಹೋಗುತ್ತದೆ, ನಡುವೆ ಖಾಲಿ ಉಳಿಯುವುದಿಲ್ಲ. ಅವಳಿಗೂ ಹಾಗೇ ಕೊಡಿ. "ನಿನ್ನ ಜಾಗ ಈ ಸೈಡ್‌ಲೈನಿಂದ ಡಿ (ಗೋಲಿನ ಮುಂದಿನ ಅರ್ಧವೃತ್ತ) ಅಂಚಿನವರೆಗೆ. ಚೆಂಡು ಬಂದರೆ ಮೊದಲು ನಿಲ್ಲಿಸು, ಆಮೇಲೆ ಹಿಂದಿನ ಹಾಫ್‌ಗೆ ಕೊಡು." ಎರಡೇ ಕೆಲಸ. ಪಂದ್ಯದ ಮೊದಲ ಐದು ನಿಮಿಷದಲ್ಲಿ ನೀವೇ ಬೇಕೆಂದು ಒಂದು ಸುಲಭದ ಪಾಸ್ ಅವಳಿಗೆ ತಳ್ಳಿ. ಚೆಂಡು ಒಮ್ಮೆ ಸ್ಟಿಕ್ಕಿಗೆ ತಾಗಿದರೆ ಮೈ ಬಿಗಿತ ಸಡಿಲುತ್ತದೆ.

ಕೂಗುವ ವಿಷಯ: ಸಂಬಂಧ ಹಿಡಿದು ಕರೆಯಬೇಡಿ. ಒಕ್ಕದ ತಂಡದಲ್ಲಿ "ಅಣ್ಣಾ" ಅಂದರೆ ಐದು ಜನ ತಿರುಗುತ್ತಾರೆ. ಜಾಗದ ಹೆಸರು ಹೇಳಿ: "ಲೆಫ್ಟ್ ಹಾಫ್, ಹಿಂದೆ!" ದೊಡ್ಡವರಿಗೆ ಏಕವಚನ ಹೇಳುವ ತೊಂದರೆಯೂ ತಪ್ಪುತ್ತದೆ. ಕೂಗುವ ಪದಗಳು ಆರು ಇದ್ದರೆ ಸಾಕು: ಹಿಂದೆ, ಹಿಡಿ, ಬಿಡು, ಒಬ್ಬ, ಹೊತ್ತಿದೆ, ತಿರುಗು. 'ಒಬ್ಬ' ಅಂದರೆ ಬೆನ್ನ ಹಿಂದೆ ಎದುರಾಳಿ ಇದ್ದಾನೆ ಅಂತ. ಇವು ಆಟದ ಸಂಕೇತ, ಮರ್ಯಾದೆಯ ಮಾತಲ್ಲ ಎಂದು ಮೊದಲೇ ಎಲ್ಲರ ಮುಂದೆ ಹೇಳಿಕೊಂಡರೆ ಯಾರಿಗೂ ನೋವಾಗುವುದಿಲ್ಲ.

ಗೋಲ್‌ಲೈನ್ ಉತ್ತರ

ಪೆನಾಲ್ಟಿ ಕಾರ್ನರ್ ಬಗ್ಗೆ ಮಾತ್ರ ಬರೆಯುತ್ತೇನೆ. ನಾಕೌಟ್‌ನಲ್ಲಿ ತಂಡಗಳು ಹೊರಬೀಳುವುದು ಬಹಳ ಸಲ ಇಲ್ಲಿಂದಲೇ. ನಾಯಕತ್ವ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದ ಜಾಗವೂ ಇದೇ.

ಗೋಲ್‌ಕೀಪರ್ ಸೇರಿ ರಕ್ಷಿಸುವ ತಂಡದ ಐದೇ ಜನ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು, ಉಳಿದವರು ಸೆಂಟರ್ ಲೈನಿನ ಆಚೆ. ಅಂಪೈರ್ ಕೈ ತೋರಿಸಿದ ಮೇಲೆ "ಯಾರು ಬರ್ತೀರಿ?" ಅಂತ ಕೇಳುವ ತಂಡ ಆಗಲೇ ಅರ್ಧ ಸೋತಿದೆ. ಆ ಐದು ಹೆಸರು, ಜೊತೆಗೆ ಬದಲಿ ಇಬ್ಬರ ಹೆಸರು ಮೊದಲೇ ರಟ್ಟಿನ ಮೇಲಿರಲಿ. ಸೇನೆಯಲ್ಲಿ ಗುಂಡು ಬಿದ್ದ ಕೂಡಲೇ ಏನು ಮಾಡಬೇಕೆಂಬುದನ್ನು ಡ್ರಿಲ್ ಮಾಡಿಸಿರುತ್ತಾರೆ, ಯಾಕೆಂದರೆ ಆಗ ಯೋಚಿಸಲು ಹೊತ್ತಿರುವುದಿಲ್ಲ. ಇದೂ ಹಾಗೆಯೇ.

ಕಮಾಂಡ್ ಗೋಲ್‌ಕೀಪರ್‌ದು, ಕ್ಯಾಪ್ಟನ್ ಅಲ್ಲಿದ್ದರೂ. ಇಡೀ ಡಿ ಮುಖಕ್ಕೆ ಎದುರಾಗಿ ಕಾಣುವುದು ಗೋಲ್‌ಕೀಪರ್ ಒಬ್ಬರಿಗೇ. ಮೊದಲ ಓಟಗಾರ ಚೆಂಡು ಹೊಡೆಯುವವನ ಕಡೆಗೆ ನೇರ ಓಡುತ್ತಾನೆ, ಸ್ಟಿಕ್ ನೆಲಕ್ಕೆ ತಾಗಿರಲಿ. ಸ್ಟಿಕ್ ಹೊಡೆತದ ಗೆರೆಯ ಮೇಲೆ, ಮೈ ಮಾತ್ರ ಪಕ್ಕಕ್ಕೆ. ಮೈಯನ್ನೇ ಗೆರೆಗೆ ಕೊಟ್ಟರೆ ಎರಡು ಅಪಾಯ. ಒಂದು, ಏಟು. ಎರಡು, ಐದು ಮೀಟರ್ ಒಳಗೆ ಮೊದಲ ಹೊಡೆತ ಮಂಡಿಯ ಕೆಳಗೆ ತಾಗಿದರೆ ಅವರಿಗೆ ಮತ್ತೊಂದು ಕಾರ್ನರ್. ಎರಡನೇ ಓಟಗಾರ ಬಲಗಡೆಗೆ ಪಾಸ್ ಹೋದರೆ ಅದಕ್ಕೆ. ಉಳಿದ ಇಬ್ಬರಲ್ಲಿ ಒಬ್ಬರು ಕಂಬದ ಹತ್ತಿರ, ಇನ್ನೊಬ್ಬರು ಗೋಲ್‌ಕೀಪರ್ ತಟ್ಟಿಬಿಟ್ಟ ಚೆಂಡನ್ನು ಹೊರಗೆ ದೂಡಲು. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ಯಾರನ್ನೂ ಅಲ್ಲಿ ನಿಲ್ಲಿಸಬೇಡಿ, ಹದಿನೈದರ ಹುಡುಗಿಯನ್ನಂತೂ ಮೊದಲ ಓಟಕ್ಕೆ ಕಳಿಸಲೇಬಾರದು.

ಚೆಂಡು ತಳ್ಳುವ ಮೊದಲೇ ಓಡಿದರೆ ಓಡಿದವನನ್ನು ಅಂಪೈರ್ ಸೆಂಟರ್ ಲೈನಿಗೆ ಕಳಿಸುತ್ತಾರೆ, ಅವನ ಬದಲಿಗೆ ಇನ್ನೊಬ್ಬರು ಬರುವ ಹಾಗಿಲ್ಲ, ನೀವು ನಾಲ್ವರೇ. ಉತ್ಸಾಹಿ ಹುಡುಗರು ಮಾಡುವುದು ಇದೇ ತಪ್ಪು. "ಚೆಂಡು ನೋಡು, ಕೈ ನೋಡಬೇಡ" ಅಂತ ಹೇಳಿಕೊಡಿ, ತಳ್ಳುವವನು ಕೈಯಲ್ಲಿ ಸುಳ್ಳು ಚಲನೆ ತೋರಿಸಿ ಮೋಸ ಮಾಡಲು ನೋಡುತ್ತಾನೆ. ನಾಲ್ಕು ಸಂಜೆಯಲ್ಲಿ ಪ್ರತಿ ಸಂಜೆ ಹತ್ತು ಕಾರ್ನರ್ ಇದಕ್ಕೇ ಇಡಿ. ನಮ್ಮ ಕಡೆ ಕತ್ತಲಾದ ಮೇಲೆ ಆನೆ ಭಯ ಇರುವಲ್ಲಿ ಇದನ್ನು ಕೊನೆಗೆ ಇಟ್ಟುಕೊಂಡರೆ ಆಗುವುದೇ ಇಲ್ಲ, ಮೊದಲಿಗೇ ಮುಗಿಸಿ.

ಕೈಲ್ಪೊಳ್ದ್ ಉತ್ತರ

ಚಿಕ್ಕ ಸೇರ್ಪಡೆ. ಒಂದೇ ಬಾಯಿ ಯಾಕೆ ಬೇಕು ಎಂಬುದನ್ನು ಹುಡುಗರಿಗೆ ಮಾತಲ್ಲಿ ಹೇಳುವ ಬದಲು ಹಗ್ಗ ಕೊಡಿ. ಎಂಟೆಂಟು ಜನರ ಹಗ್ಗಜಗ್ಗಾಟ. ಮೊದಲ ಸಲ ಇಬ್ಬರು ಬೇರೆ ಬೇರೆ ಲಯದಲ್ಲಿ ಕೂಗಲಿ, ಎರಡನೇ ಸಲ ಒಬ್ಬರೇ. ಅದೇ ಎಂಟು ಜನ, ಅದೇ ಹಗ್ಗ, ಎಳೆತ ಬೇರೆ. ಕೂಗುವವರು ಎದುರು ತಂಡದ ಕಾಲುಗಳನ್ನು ನೋಡುತ್ತಿರಬೇಕು, ಅವರು ಹೆಜ್ಜೆ ಎತ್ತಿದ ಕ್ಷಣಕ್ಕೆ ಕರೆ. ಬರೀ ಜೋರು ದನಿ ಇದ್ದರೆ ಸಾಲದು. ಹತ್ತು ನಿಮಿಷದ ಕೆಲಸ, ಕೈಗೆ ಉಜ್ಜು ಗಾಯ ಆಗದಂತೆ ಹಗ್ಗ ಕೈಗೆ ಸುತ್ತಿಕೊಳ್ಳಲು ಬಿಡಬೇಡಿ.

ಪಲ್ಟನ್ ಉತ್ತರ

ತಪ್ಪು ಮಾಡಿದವರ ಬಗ್ಗೆ ಕೇಳಿದ್ದೆಯಲ್ಲ, ಅದು ಉಳಿದಿತ್ತು.

ಆಟದ ನಡುವೆ ತಪ್ಪಿನ ಬಗ್ಗೆ ಒಂದೇ ಮಾತು, ಅದೂ ಮುಂದಿನ ಕೆಲಸದ ಬಗ್ಗೆ: "ಫುಲ್‌ಬ್ಯಾಕ್, ಹಿಡಿ!" ಅಷ್ಟೇ. ಉಳಿದದ್ದು ಪಂದ್ಯ ಮುಗಿದ ಮೇಲೆ. ನೀರು ಕುಡಿದು, ಶೂ ಬಿಚ್ಚಿ, ಅರ್ಧ ಗಂಟೆ ಕಳೆದ ಮೇಲೆ ಎಲ್ಲರೂ ವೃತ್ತವಾಗಿ ಕೂತು ನಾಲ್ಕು ಪ್ರಶ್ನೆ: ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದಿನ ಸಲ ಏನು ಬದಲಿಸುತ್ತೇವೆ. ಹದಿನೈದು ನಿಮಿಷ ದಾಟಬಾರದು. 'ಯಾರಿಂದ' ಎಂಬ ಪ್ರಶ್ನೆ ಅದರಲ್ಲಿ ಇಲ್ಲ, ಬಂದರೆ ನೀನು 'ಯಾಕೆ'ಗೆ ತಿರುಗಿಸು. "ಅವನು ಚೆಂಡು ಬಿಟ್ಟ" ಅಂದರೆ, "ಆಗ ಅವನ ಹಿಂದೆ ಯಾರಿರಬೇಕಿತ್ತು?" ಅಂತ ಕೇಳು. ಹಾಗೆ ಎರಡು ಸಲ ಕೇಳಿದರೆ ತಪ್ಪು ಒಬ್ಬನಿಂದ ಆದದ್ದಲ್ಲ, ಬಿಟ್ಟುಹೋದ ಜಾಗದಿಂದ ಆದದ್ದು ಎಂದು ಹೊರಗೆ ಬರುತ್ತದೆ.

ಕಿರಿಯರು ಮೊದಲು ಮಾತಾಡಬೇಕು. ಕೋರ್ಟ್ ಮಾರ್ಷಲ್‌ನಲ್ಲೂ ಸದಸ್ಯರ ಅಭಿಪ್ರಾಯ ಕೇಳುವುದು ಅತಿ ಕಿರಿಯ ಹುದ್ದೆಯವನಿಂದ ಶುರುಮಾಡಿ. ಹಿರಿಯ ಅಧಿಕಾರಿ ಮೊದಲು ಬಾಯಿಬಿಟ್ಟರೆ ಉಳಿದವರು ಅದನ್ನೇ ಹೇಳುತ್ತಾರೆಂದು ಗೊತ್ತಿದ್ದೇ ಆ ಕ್ರಮ ಇಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಇದು ಇನ್ನೂ ನಿಜ. ಒಕ್ಕದ ಯಜಮಾನರಾದ ಪಟ್ಟೇದಾರರ ಬಳಿಯೂ ಮೊದಲೇ ಹೋಗಿ ಕ್ರಮ ವಿವರಿಸು, ಕೊನೆಯ ಮಾತು ಅವರದೇ ಇರಲಿ, ಕೊನೆಗೇ ಇರಲಿ. ಮೊದಲು ನಿನ್ನದೊಂದು ತಪ್ಪನ್ನು ನೀನೇ ಹೇಳಿ ಶುರುಮಾಡು, ನಿಜವಾದ ತಪ್ಪು, ಹೆಸರಿಗೆ ಹೇಳುವುದಲ್ಲ. ಆಮೇಲೆ ಹುಡುಗಿಯನ್ನು ಕೇಳು. ಅಂಚಲ್ಲಿ ನಿಂತವಳಿಗೆ ಕಂಡದ್ದು ನಡುವೆ ಓಡಿದವರಿಗೆ ಕಂಡಿರುವುದಿಲ್ಲ.

ಬಾಣೆಮನೆ

ಎಲ್ಲರಿಗೂ ತುಂಬು ಮನಸ್ಸಿನ ವಂದನೆ. ರಟ್ಟು ಇವತ್ತೇ ಬರೆಯುತ್ತೇನೆ. ರಟ್ಟು ಹಿಡಿಯುವ ಕೆಲಸ ನಿವೃತ್ತ ಸುಬೇದಾರ್ ಮಾವನಿಗೆ, ಕಾರ್ನರ್ ಕಮಾಂಡ್ ಗೋಲ್‌ಕೀಪರ್‌ಗೆ. ದೊಡ್ಡಪ್ಪನ ಹತ್ತಿರ ಭಾನುವಾರ ಬೆಳಿಗ್ಗೆ ಕಾಫಿಗೆ ಹೋಗಿ ಪಟ್ಟಿ ತೋರಿಸುತ್ತೇನೆ. ಪ್ಯಾಡಿನ ಪಟ್ಟಿ ಈಗಲೇ ನೋಡಿದೆ ಪಲ್ಟನ್ ಅಣ್ಣ, ಎಡಗಾಲಿನದು ಒಂದು ಬಕಲ್ ಇಲ್ಲ. ನಾಳೆ ವಿರಾಜಪೇಟೆಗೆ ಹೋಗುವಾಗ ಹೊಲಿಸಿಕೊಂಡು ಬರುತ್ತೇನೆ.